ಎದ್ದು ಹೋಗಬೇಡಿ, ಆಟ ಮುಗಿದಿಲ್ಲ



2000ನೇ ಇಸವಿಯ ಮಾರ್ಚ್ ತಿಂಗಳು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಕಚೇರಿ ಒಂದು ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತು. ಕಂಪನಿಯ ಹೆಸರು ನಿಂಟೆಂಡೊ. ಮೂಲ ಜಪಾನಿನದು. ವಿಡಿಯೊ ಗೇಮ್ ಮಾಡುವುದು ಅದರ ಕಸುಬು. ಒಪ್ಪಂದದ ಪ್ರಕಾರ ಕಂಪನಿ ತನ್ನ ಗಿರಾಕಿಗಳಿಗೆ ಕೈಗವಸು ಕೊಡಬೇಕಿತ್ತು. ಮನೆಗೆ ನಾಲ್ಕರವರೆಗೆ. ಪುಕ್ಕಟೆ.

ವಿಡಿಯೊ ಗೇಮಿಗೂ ಕೈಗವಸಿಗೂ ಎತ್ತಣ ಸಂಬಂಧ? ಸಂಬಂಧ ಇತ್ತು. ಆ ಕಂಪನಿಯ ಒಂದು ಆಟದಲ್ಲಿ ಹಗ್ಗ ಜಗ್ಗಾಟ ಬರುತ್ತಿತ್ತು. ಒಂದು ಕಡೆ ಒಬ್ಬರು, ಇನ್ನೊಂದು ಕಡೆ ಮೂವರು. ಹಗ್ಗ ಇರುವುದು ಟಿ.ವಿ. ಪರದೆಯ ಮೇಲೆ. ಅದನ್ನು ಎಳೆಯಬೇಕಾದರೆ ಕೈಯಲ್ಲಿರುವ ಕಂಟ್ರೋಲರಿನ ಕಡ್ಡಿಯನ್ನು ಗರಗರ ತಿರುಗಿಸಬೇಕು. ಕಡ್ಡಿ ಎಂದರೆ ಹೆಬ್ಬೆರಳು ಊರುವಷ್ಟು ತಲೆ ಇರುವ ಪುಟ್ಟ ಪ್ಲಾಸ್ಟಿಕ್ ಗೂಟ. ಹೆಬ್ಬೆರಳಿನಿಂದ ತಿರುಗಿಸಿದರೆ ವೇಗ ಸಾಲದು. ಮಕ್ಕಳು ಬೇಗ ಉಪಾಯ ಕಂಡುಕೊಂಡರು. ಅಂಗೈಯನ್ನೇ ಗೂಟದ ಮೇಲೆ ಒತ್ತಿ, ಬೀಸುವ ಕಲ್ಲು ತಿರುಗಿಸಿದ ಹಾಗೆ ತಿರುಗಿಸಿದರು. ಹಗ್ಗ ಬಂತು. ಜೊತೆಗೆ ಅಂಗೈಯಲ್ಲಿ ಬೊಬ್ಬೆಯೂ ಬಂತು.

ಅಟಾರ್ನಿ ಜನರಲ್ ಕಚೇರಿಗೆ ಬಂದ ದೂರುಗಳು ಸುಮಾರು 90. ಎಲ್ಲ ಗಿರಾಕಿಗಳೂ ಗವಸು ಕೇಳಿದರೆ ಖರ್ಚು 8 ಕೋಟಿ ಡಾಲರ್ ಮುಟ್ಟಬಹುದೆಂದು ಆಗ ಲೆಕ್ಕ ಹಾಕಿದ್ದರು.

ಆ ಆಟದ ಹೆಸರು ಮಾರಿಯೊ ಪಾರ್ಟಿ. ಬೊಬ್ಬೆ ಎದ್ದವರನ್ನು ಬಿಟ್ಟು ಉಳಿದವರಿಗೆಲ್ಲ ಇದು ನಗುವಿನ ಕಥೆ. ಆದರೆ ಅದರೊಳಗೆ ಒಂದು ಪ್ರಶ್ನೆ ಕೂತಿದೆ. ಕೈ ಉರಿಯುತ್ತಿದ್ದರೂ ಆ ಮಕ್ಕಳು ಎದ್ದು ಯಾಕೆ ಹೋಗಲಿಲ್ಲ? ಅದರಲ್ಲೂ ಸೋಲುತ್ತಿದ್ದ ಮಕ್ಕಳು?

ಈ ಹೊತ್ತಿನ ಮಾತೆಲ್ಲ ಆ ಒಂದು ಪ್ರಶ್ನೆಯ ಸುತ್ತ. ಮನೆಮಂದಿ, ಗೆಳೆಯರು ಒಟ್ಟಿಗೆ ಕೂತು ಆಡುವ ಇಂಥ ವಿಡಿಯೊ ಗೇಮುಗಳಿಗೆ ಪಾರ್ಟಿ ಗೇಮ್ ಎಂದು ಹೆಸರು. ಗೆಲ್ಲುವವರನ್ನು ಕೂರಿಸಿಕೊಳ್ಳುವುದು ದೊಡ್ಡ ಮಾತಲ್ಲ. ಸೋಲುತ್ತಿರುವವರು ಎದ್ದು ಹೋಗದ ಹಾಗೆ ನೋಡಿಕೊಳ್ಳುವುದೇ ಈ ಆಟ ಕಟ್ಟುವವರ ನಿಜವಾದ ಕೆಲಸ.

ಮಾರಿಯೊ ಪಾರ್ಟಿಯನ್ನು ಮಾರಿದ್ದು ನಿಂಟೆಂಡೊ. ಕಟ್ಟಿದ್ದು ಮಾತ್ರ ಹಡ್ಸನ್ ಸಾಫ್ಟ್ ಎಂಬ ಇನ್ನೊಂದು ಸಂಸ್ಥೆ. ಜಪಾನಿನ ಉತ್ತರಕ್ಕೆ ಹೊಕ್ಕೈಡೊ ಎಂಬ ಹಿಮದ ದ್ವೀಪ ಇದೆ. ಅಲ್ಲಿನ ಸಪ್ಪೊರೊ ನಗರದಲ್ಲಿ 1973ರಲ್ಲಿ ಹುಟ್ಟಿದ ಸಂಸ್ಥೆ ಅದು. ಕಟ್ಟಿದವರು ಇಬ್ಬರು ಸೋದರರು. ಅವರಿಗೆ ರೈಲಿನ ಹುಚ್ಚು. ಹಡ್ಸನ್ ಎಂಬುದು ಉಗಿಬಂಡಿಯ ಒಂದು ಬಗೆ. ಆ ಹೆಸರನ್ನೇ ಅಂಗಡಿಗೆ ಇಟ್ಟುಕೊಂಡರು.

ರೈಲಿನ ಹುಚ್ಚು ಹೆಸರಿಗೆ ನಿಲ್ಲಲಿಲ್ಲ. 1988ರಲ್ಲಿ ಹಡ್ಸನ್ ಸಂಸ್ಥೆ ಮೊಮೊತಾರೊ ದೆನ್‌ತೆತ್ಸು ಎಂಬ ಆಟದ ಸರಣಿ ಶುರು ಮಾಡಿತು. ಆಡುವವರೆಲ್ಲ ರೈಲು ಕಂಪನಿಯ ಧಣಿಗಳು. ದಾಳ ಹಾಕುತ್ತ ಜಪಾನಿನ ಊರೂರು ಸುತ್ತಬೇಕು. ಆಸ್ತಿ ಕೊಳ್ಳಬೇಕು. ಗುರಿಯ ಊರನ್ನು ಎಲ್ಲರಿಗಿಂತ ಮೊದಲು ಮುಟ್ಟಬೇಕು. ಇಲ್ಲಿಯವರೆಗೆ ಇದು ವ್ಯಾಪಾರದ ಆಟ. ಸ್ವಾರಸ್ಯ ಸರಣಿಯ ಮುಂದಿನ ಆಟಗಳಲ್ಲಿದೆ. ಒಬ್ಬರು ಗುರಿ ಮುಟ್ಟಿದ ಕೂಡಲೇ, ಗುರಿಯಿಂದ ಅತಿ ದೂರ ಉಳಿದವರ ಬೆನ್ನಿಗೆ ಒಬ್ಬ ದೇವರು ಅಂಟಿಕೊಳ್ಳುತ್ತಾನೆ. ಬಡತನದ ದೇವರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಶನಿ ಹೆಗಲೇರುತ್ತಾನೆ. ಕೊಂಡ ಆಸ್ತಿಯನ್ನು ಅಗ್ಗಕ್ಕೆ ಮಾರಿಬಿಡುತ್ತಾನೆ, ಬೇಡದ ಸಾಮಾನಿಗೆ ದುಡ್ಡು ಸುರಿಯುತ್ತಾನೆ.

ಹಾಗಾದರೆ ಹಿಂದೆ ಬಿದ್ದವರು ಇನ್ನಷ್ಟು ಹಿಂದೆ ಬೀಳುವುದಿಲ್ಲವೇ? ಬೀಳುತ್ತಾರೆ. ಆದರೆ ಅವರಿಗೆ ಒಂದು ದಾರಿ ಉಂಟು. ಇನ್ನೊಬ್ಬ ಆಟಗಾರನ ರೈಲನ್ನು ದಾಟಿ ಹೋದರೆ ಶನಿ ಆ ರೈಲಿಗೆ ಹಾರಿಕೊಳ್ಳುತ್ತಾನೆ. ಅಲ್ಲಿಂದ ಆಟದ ಬಣ್ಣವೇ ಬೇರೆ. ಸೋಲುತ್ತಿರುವವನು ಬೇಟೆಗಾರ. ಉಳಿದವರು ಊರೂರು ಬಿಟ್ಟು ಓಡುವವರು. ಕೊನೆಯ ಸ್ಥಾನದಲ್ಲಿರುವವನ ಮೇಲೆಯೇ ಎಲ್ಲರ ಕಣ್ಣು. ಅವನು ಎದ್ದು ಹೋಗುವುದಾದರೂ ಹೇಗೆ? 2020ರಲ್ಲಿ ಈ ಆಟದ ಹೊಸ ಆವೃತ್ತಿ ಬಂದಾಗ ಜಪಾನಿನಲ್ಲಿ 30 ಲಕ್ಷಕ್ಕೂ ಮೇಲೆ ಪ್ರತಿ ಹೋದವು.

ಕೈಗವಸು, ಹಗ್ಗ, ಹೆಗಲೇರಿದ ಶನಿ. ಈಗ ಹಡ್ಸನ್ ಸಂಸ್ಥೆಯವರು ಹತ್ತು ವರ್ಷದ ಮೇಲೆ ಮಾಡಿದ ಮಾರಿಯೊ ಪಾರ್ಟಿಯೊಳಗೆ ಹೋಗೋಣ. ಅದು ಜಪಾನಿನಲ್ಲಿ 1998ರ ಡಿಸೆಂಬರಿನಲ್ಲಿ ಬಿಡುಗಡೆಯಾಯಿತು. ಓಡುತ್ತಿದ್ದದ್ದು ನಿಂಟೆಂಡೊ 64 ಎಂಬ ಯಂತ್ರದಲ್ಲಿ. ಆ ಯಂತ್ರದ ಮುಂಭಾಗದಲ್ಲಿ ಸಾಲಾಗಿ ನಾಲ್ಕು ತೂತು, ನಾಲ್ಕು ಕಂಟ್ರೋಲರುಗಳಿಗೆ. ಮಾರಿಯೊ ಎಂದರೆ ಕೆಂಪು ಟೋಪಿ, ದಪ್ಪ ಮೀಸೆಯ ಕೊಳಾಯಿ ರಿಪೇರಿಯವನು. ಅವನ ಜೊತೆ ಅವನ ತಮ್ಮ, ಒಬ್ಬ ರಾಜಕುಮಾರಿ, ಒಂದು ಹಸಿರು ಡೈನೋಸಾರ್, ಒಬ್ಬ ಜಿಪುಣ, ಒಂದು ಗೊರಿಲ್ಲ. ಒಟ್ಟು ಆರು ವೇಷ. ನಾಲ್ವರು ಒಂದೊಂದನ್ನು ಆರಿಸಿಕೊಳ್ಳಬೇಕು.

ಒಂದು ಮನೆಯನ್ನು ಊಹಿಸಿಕೊಳ್ಳಿ. ಭಾನುವಾರ ಸಂಜೆ. ಚಾಪೆಯ ಮೇಲೆ ಅಪ್ಪ, ಹತ್ತನೇ ಕ್ಲಾಸಿನ ಮಗಳು, ಏಳು ವರ್ಷದ ಮಗ. ಮಂಡಿನೋವಿನ ಅಜ್ಜಿ ಕುರ್ಚಿಯಲ್ಲಿ. ಅಜ್ಜಿಗೆ ಗೊರಿಲ್ಲ ಸಿಕ್ಕಿದೆ. ಮೊಮ್ಮಗ ಬೇಕಂತಲೇ ಆರಿಸಿಕೊಟ್ಟಿದ್ದಾನೆ.

ಪರದೆಯ ಮೇಲೆ ಹಾವು ಏಣಿ ಪಟದಂಥ ಒಂದು ಹಾದಿ. ದಾಳದ ಮೇಲೆ ಒಂದರಿಂದ ಹತ್ತು. ಗುಂಡಿ ಒತ್ತಿದರೆ ಗೊರಿಲ್ಲ ತಲೆಯಿಂದ ದಾಳವನ್ನು ಗುದ್ದುತ್ತದೆ. ನೀಲಿ ಮನೆಗೆ ಬಂದರೆ ಮೂರು ನಾಣ್ಯ ಲಾಭ, ಕೆಂಪು ಮನೆಗೆ ಬಂದರೆ ಮೂರು ನಾಣ್ಯ ನಷ್ಟ. ಇಪ್ಪತ್ತು ನಾಣ್ಯ ಕೂಡಿಸಿ ಹಾದಿಯಲ್ಲಿ ನಿಂತ ಮಾರಾಟಗಾರನ ಹತ್ತಿರ ಹೋದರೆ ಒಂದು ನಕ್ಷತ್ರ ಕೊಳ್ಳಬಹುದು. ಕೊನೆಗೆ ಯಾರ ಬಳಿ ಹೆಚ್ಚು ನಕ್ಷತ್ರವೋ ಅವರು ಗೆದ್ದಂತೆ.

ನಾಲ್ವರೂ ಒಂದೊಂದು ಸಲ ದಾಳ ಹಾಕಿದ ಮೇಲೆ ಒಂದು ಕಿರುಆಟ ಬರುತ್ತದೆ. ಒಂದು ನಿಮಿಷದ ಒಳಗೆ ಮುಗಿಯುವಂಥದ್ದು. ಇಂಥವು ಐವತ್ತಕ್ಕೂ ಹೆಚ್ಚು. ಯಾವುದು ಬಂದೀತೋ ಗೊತ್ತಿಲ್ಲ. ಈಗ ಬಂದಿರುವುದು ಅಣಬೆಯ ಆಟ. ನೀರಿನ ಮೇಲೆ ಬಣ್ಣಬಣ್ಣದ ದೊಡ್ಡ ಅಣಬೆಗಳು ತೇಲುತ್ತಿವೆ. ನಾಲ್ವರೂ ಅವುಗಳ ಮೇಲೆ ನಿಂತಿದ್ದಾರೆ. ಒಬ್ಬ ಕುಳ್ಳ ಒಂದು ಬಣ್ಣದ ಬಾವುಟ ಎತ್ತುತ್ತಾನೆ. ಆ ಬಣ್ಣದ ಅಣಬೆ ಬಿಟ್ಟು ಮಿಕ್ಕವೆಲ್ಲ ಮುಳುಗುತ್ತವೆ.

"ಅಜ್ಜೀ, ನೀಲಿ! ನೀಲಿಗೆ ಹಾರಿ!"

"ಯಾವುದೋ ನೀಲಿ? ಹಸಿರೂ ಹಾಗೇ ಕಾಣ್ತದಲ್ಲೋ!"

ಬುಳುಕ್. ಗೊರಿಲ್ಲ ನೀರುಪಾಲು. ಅಜ್ಜಿ ಸೆರಗಿನಲ್ಲಿ ಕನ್ನಡಕ ಒರೆಸಿಕೊಳ್ಳುತ್ತಾರೆ. ಅಷ್ಟರಲ್ಲಿ ಅಣಬೆಯ ಆಟ ಮುಗಿದು ಮತ್ತೆ ದಾಳದ ಸರದಿ. ಸೋತದ್ದಕ್ಕೆ ಮುಖ ಸಣ್ಣದು ಮಾಡಿಕೊಳ್ಳಲು ಪುರುಸೊತ್ತೇ ಇಲ್ಲ. ಎದ್ದು ಹೋಗದಂತೆ ತಡೆಯುವ ಮೊದಲ ಉಪಾಯ ಇದು. ಸೋಲನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಕೊಡುವುದು.

ಎರಡನೆಯ ಉಪಾಯ ಇದಕ್ಕಿಂತ ಜಾಣತನದ್ದು. ಕಿರುಆಟದಲ್ಲಿ ಯಾರು ಯಾರ ಕಡೆ ಎಂಬುದನ್ನು ಆಡುವವರು ತೀರ್ಮಾನಿಸುವಂತಿಲ್ಲ. ಅವರವರು ನಿಂತ ಮನೆಯ ಬಣ್ಣ ತೀರ್ಮಾನಿಸುತ್ತದೆ. ನಾಲ್ವರೂ ನೀಲಿಯಲ್ಲಿದ್ದರೆ ಎಲ್ಲರೂ ಎಲ್ಲರ ವಿರುದ್ಧ. ಇಬ್ಬರು ನೀಲಿ, ಇಬ್ಬರು ಕೆಂಪು ಆದರೆ ಜೋಡಿ ಆಟ. ಒಬ್ಬರು ಮಾತ್ರ ಕೆಂಪಿನಲ್ಲಿ ಸಿಕ್ಕಿಕೊಂಡರೆ ಒಬ್ಬರ ಮೇಲೆ ಮೂವರು. ಆ ಹಗ್ಗ ಜಗ್ಗಾಟ ಬರುತ್ತಿದ್ದದ್ದು ಹೀಗೆ.

ಇದರ ಪರಿಣಾಮ ನೋಡಿ. ಎರಡು ನಿಮಿಷದ ಹಿಂದೆ ಅಕ್ಕ ತಮ್ಮನನ್ನು ನೀರಿಗೆ ತಳ್ಳಿದ್ದಳು. ತಮ್ಮ ಮುಖ ಊದಿಸಿಕೊಂಡು ಕೂತಿದ್ದ. ಈಗ ಇಬ್ಬರೂ ಒಂದೇ ಬಣ್ಣ. ಒಂದೇ ಕಡೆ ಸೇರಿ ಅಪ್ಪ, ಅಜ್ಜಿಯನ್ನು ಎದುರಿಸಬೇಕು. ಜಗಳ ಮುಂದುವರಿಸಲು ಸಮಯವಿಲ್ಲ. ಸಂಧಾನ ಮಾಡಿಸುವ ಹಿರಿಯರೂ ಬೇಕಿಲ್ಲ. ಮನೆಯ ಬಣ್ಣವೇ ರಾಜಿ ಮಾಡಿಸಿತು.

ಚಿಕ್ಕ ಸೋಲು, ಬದಲಾಗುವ ಜೊತೆಗಾರರು. ಇವೆರಡೂ ಆಯಿತು. ಇನ್ನು ಮಾರಿಯೊ ಪಾರ್ಟಿಯ ಅತಿ ದೊಡ್ಡ ಗುಟ್ಟು. ಅದರ ಬಗ್ಗೆ ಜಗಳ ಇವತ್ತಿಗೂ ನಿಂತಿಲ್ಲ.

ಆ ಗುಟ್ಟು ಅದೃಷ್ಟ. ಹಾದಿಯಲ್ಲಿ ಒಂದು ದೆವ್ವ ಇದೆ. ಐವತ್ತು ನಾಣ್ಯ ಕೊಟ್ಟರೆ ಬೇರೆಯವರ ನಕ್ಷತ್ರವನ್ನು ಕದ್ದು ತರುತ್ತದೆ. ಒಬ್ಬರ ಆಸ್ತಿಯನ್ನು ಇನ್ನೊಬ್ಬರಿಗೆ ಸಾರಾಸಗಟು ವರ್ಗ ಮಾಡುವ ಮನೆಗಳೂ ಇವೆ. ಇದೆಲ್ಲ ದಾಟಿ, ಆಟ ಮುಗಿಯಿತು ಎನ್ನುವ ಹೊತ್ತಿಗೆ ಮೂರು ಹೆಚ್ಚುವರಿ ನಕ್ಷತ್ರಗಳ ಘೋಷಣೆ. ಒಂದು, ಕಿರುಆಟಗಳಲ್ಲಿ ಹೆಚ್ಚು ನಾಣ್ಯ ಗೆದ್ದವರಿಗೆ. ಇನ್ನೊಂದು, ಆಟದ ನಡುವೆ ಅತಿ ಹೆಚ್ಚು ನಾಣ್ಯ ಕೈಯಲ್ಲಿ ಹಿಡಿದಿದ್ದವರಿಗೆ. ಇವೆರಡು ನ್ಯಾಯವೇ. ಮೂರನೆಯದು ಪ್ರಶ್ನಾರ್ಥಕ ಚಿಹ್ನೆಯ ಮನೆಗೆ ಹೆಚ್ಚು ಸಲ ಬಂದು ಬಿದ್ದವರಿಗೆ. ಅಂದರೆ ಸುಮ್ಮನೆ ಎಡವಿದ್ದಕ್ಕೆ ಬಹುಮಾನ.

ಪಳಗಿದ ಆಟಗಾರರಿಗೆ ಇದು ಹೊಟ್ಟೆ ಉರಿ. ಎರಡು ಗಂಟೆ ಲೆಕ್ಕ ಹಾಕಿ ಆಡಿದವನ ಗೆಲುವನ್ನು, ಗುಂಡಿ ಯಾವುದೆಂದೇ ಗೊತ್ತಿಲ್ಲದವರು ಕೊನೆಯ ನಿಮಿಷದಲ್ಲಿ ಕಿತ್ತುಕೊಳ್ಳಬಹುದು. ಇದೆಂಥ ಆಟ ಎಂದು ಅವರು ಕೇಳುತ್ತಾರೆ. ಅವರ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಅವರು ಅಕ್ಕಿಯನ್ನು ಚಿನ್ನದ ತಕ್ಕಡಿಯಲ್ಲಿ ತೂಗುತ್ತಿದ್ದಾರೆ. ಅದೇ ಅಪ್ಪ ಅದೇ ಏಳು ವರ್ಷದ ಮಗನ ಜೊತೆ ಚದುರಂಗಕ್ಕೆ ಕೂರಲಿ. ಮೊದಲ ಆಟ ಅಪ್ಪನದು. ಎರಡನೆಯದೂ ಅಪ್ಪನದೇ. ಮೂರನೆಯ ಆಟಕ್ಕೆ ಮಗ ಇರುವುದಿಲ್ಲ, ಬೀದಿಗೆ ಹೋಗಿರುತ್ತಾನೆ. ಯಾರು ಗೆಲ್ಲುತ್ತಾರೆಂದು ಮೊದಲೇ ಗೊತ್ತಿದ್ದರೆ ಉಳಿದವರು ಕೂರುವುದು ಯಾವ ಸುಖಕ್ಕೆ?

ಹಾಗೆಂದು ಅದೃಷ್ಟದ ಉಪ್ಪು ಹೆಚ್ಚಾಗಬಾರದು. ಹೆಚ್ಚಾದರೆ ಆಡುವ ಕೈಗೆ ಕೆಲಸವೇ ಇರುವುದಿಲ್ಲ. ಕಷ್ಟಪಟ್ಟು ಕಲಿತ ಹುಡುಗಿ ಅಳುವುದೂ ಉಂಟು. ಮುಂದಿನ ಕೆಲವು ಆವೃತ್ತಿಗಳಲ್ಲಿ ಆ ಕೊನೆಯ ನಕ್ಷತ್ರಗಳು ಬೇಡವೆಂದರೆ ತೆಗೆದುಹಾಕುವ ಸೌಲಭ್ಯ ಕೊಟ್ಟರು. ಇನ್ನೊಂದು ದೋಷ, ಉದ್ದ. ಮೊದಲ ಮಾರಿಯೊ ಪಾರ್ಟಿಯಲ್ಲಿ 20, 35 ಅಥವಾ 50 ಸುತ್ತು ಆರಿಸಿಕೊಳ್ಳಬಹುದಿತ್ತು. 50 ಸುತ್ತು ಆರಿಸಿದ ಮನೆಯಲ್ಲಿ ರಾತ್ರಿ ಅಡುಗೆ ಆಗುವುದಿಲ್ಲ.

ಅದೃಷ್ಟವನ್ನು ಹದವಾಗಿ ಬೆರೆಸುವ ಈ ವಿದ್ಯೆ ಕನ್ನಡದ ಮನೆಗಳಿಗೆ ಹೊಸದಲ್ಲ. ಚೌಕಾಬಾರ ಆಡಿದವರಿಗೆ ಗೊತ್ತು. ನಾಲ್ಕು ಕವಡೆ, ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಗೀಚಿದ ಮನೆಗಳು. ಚೌಕವೋ ಬಾರವೋ ಬಿದ್ದರೆ ಮತ್ತೊಂದು ಸಲ ಹಾಕುವ ಭಾಗ್ಯ. ಇನ್ನೊಂದೇ ಮನೆ ನಡೆದರೆ ಕಾಯಿ ಹಣ್ಣಾಗಬೇಕು. ಅಷ್ಟರಲ್ಲಿ ಹಿಂದಿನಿಂದ ಬಂದವರು ಕಡಿದುಬಿಡುತ್ತಾರೆ. ಅದು ಮತ್ತೆ ಮೊದಲ ಮನೆಗೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತೂ 19ನೇ ಶತಮಾನದಲ್ಲಿ ಅರಮನೆಯಲ್ಲಿ ಕೂತು ಹೊಸ ಹೊಸ ಹಲಗೆಯಾಟಗಳನ್ನೇ ರೂಪಿಸಿದರು. ಪಗಡೆಯ ವಂಶದ ಪಚ್ಚೀಸಿ ಇಂಗ್ಲೆಂಡಿಗೆ ಹೋಗಿ 19ನೇ ಶತಮಾನದ ಕೊನೆಗೆ ಲೂಡೊ ಎಂಬ ಹೆಸರಿನಲ್ಲಿ ಪೇಟೆಂಟ್ ಪಡೆಯಿತು. 2016ರಲ್ಲಿ ಮುಂಬೈ ಕಡೆಯ ಒಂದು ಕಂಪನಿ ಅದನ್ನು ಲೂಡೊ ಕಿಂಗ್ ಎಂದು ಮೊಬೈಲಿಗೆ ಹಾಕಿತು. 2020ರ ಲಾಕ್‌ಡೌನಿನಲ್ಲಿ ದೂರದೂರದ ಊರುಗಳಲ್ಲಿ ಸಿಕ್ಕಿಕೊಂಡ ಅಣ್ಣತಮ್ಮಂದಿರು ಕಾಯಿ ಕಡಿದುಕೊಂಡದ್ದು ಅದರಲ್ಲೇ.

ಹೇಳಬೇಕಾದ ಇನ್ನೊಂದು ಸಂಗತಿ ಇದೆ. ಟಿ.ವಿ.ಯ ಆಟವೆಂದರೆ ಒಬ್ಬಂಟಿ ಹುಡುಗನ ಚಟ ಎಂಬ ಮಾತು ಆಮೇಲೆ ಬಂದದ್ದು. ಶುರುವಿನಲ್ಲಿ ಅದು ಜೊತೆಗಾರರ ಆಟವಾಗಿತ್ತು. ಮನೆಯ ಟಿ.ವಿ.ಗೆ ಜೋಡಿಸುವ ಮೊದಲ ಆಟದ ಯಂತ್ರ ಅಮೆರಿಕದಲ್ಲಿ 1972ರಲ್ಲಿ ಬಂತು. ಹೆಸರು ಮ್ಯಾಗ್ನವಾಕ್ಸ್ ಒಡಿಸ್ಸಿ. ರಾಲ್ಫ್ ಬೇರ್ ಎಂಬ ಎಂಜಿನಿಯರ್ ಅದರ ಕರ್ತೃ. ಅದು ಪರದೆಯ ಮೇಲೆ ತೋರಿಸುತ್ತಿದ್ದದ್ದು ಮೂರು ಬಿಳಿ ಚುಕ್ಕೆ, ಒಂದು ಗೆರೆ. ಅಂಕ ಎಣಿಸಲು ಅದಕ್ಕೆ ಬಾರದು. ಸದ್ದೂ ಇಲ್ಲ. ಡಬ್ಬದ ಒಳಗೆ ಮಾತ್ರ ದಾಳ, ಎಲೆಗಳು, ಆಟದ ನೋಟುಗಳು, ಟಿ.ವಿ. ಗಾಜಿಗೆ ಅಂಟಿಸುವ ಬಣ್ಣದ ಪಾರದರ್ಶಕ ಹಾಳೆಗಳು ಇದ್ದವು. ಸದ್ದು, ಅಂಕ, ಜಗಳ ಎಲ್ಲವನ್ನೂ ಎದುರಿಗೆ ಕೂತ ಮನುಷ್ಯರೇ ಒದಗಿಸಿಕೊಳ್ಳಬೇಕಿತ್ತು. ಅದೇ ವರ್ಷ ಬಂದ ಪಾಂಗ್ ಆಟಕ್ಕೂ ಇಬ್ಬರು ಬೇಕೇ ಬೇಕಿತ್ತು. ಇನ್ನು ನಿಂಟೆಂಡೊ? 1889ರಲ್ಲಿ ಕ್ಯೋಟೊ ನಗರದಲ್ಲಿ ಅದು ಶುರುವಾದದ್ದು ಇಸ್ಪೀಟಿನ ಅಂಗಡಿಯಾಗಿ. ಹೂವಿನ ಚಿತ್ರದ ಎಲೆಗಳು. ತಿಂಗಳಿಗೆ ನಾಲ್ಕರಂತೆ ಹನ್ನೆರಡು ತಿಂಗಳಿಗೆ 48. ಚಾಪೆಯ ಮೇಲೆ ಜನರನ್ನು ಕೂರಿಸುವುದು ಆ ಮನೆತನದ ಹಳೆಯ ವೃತ್ತಿ.

ಮತ್ತೆ ಮೊದಲ ಪ್ರಶ್ನೆಗೆ ಬರೋಣ. ಸೋಲುವವರನ್ನು ಅದೃಷ್ಟದಿಂದ ಹಿಡಿದಿಟ್ಟುಕೊಂಡದ್ದಾಯಿತು. ಆಡಲು ಕೂರುವುದಕ್ಕೇ ಹೆದರುವವರ ಗತಿ? ಆ ಕಂಟ್ರೋಲರಿನ ಹತ್ತಾರು ಗುಂಡಿ ನೋಡಿಯೇ ಅಜ್ಜ ಪೇಪರು ಹಿಡಿದುಕೊಂಡು ಜಗಲಿಗೆ ಹೋಗುತ್ತಾರೆ. ನಿಂಟೆಂಡೊ 2006ರಲ್ಲಿ ಇದಕ್ಕೊಂದು ಪರಿಹಾರ ಮಾಡಿತು. ವೀ ಎಂಬ ಯಂತ್ರ. ಅದರ ಹೆಸರು ಇಂಗ್ಲಿಷಿನಲ್ಲಿ ನಾವು ಎನ್ನುವ ಮಾತಿನಂತೆಯೇ ಕೇಳಿಸುತ್ತದೆ. ಕೈಗೆ ಟಿ.ವಿ. ರಿಮೋಟಿನಂಥ ಒಂದು ತುಂಡು. ಬೌಲಿಂಗ್ ಆಡಬೇಕೇ? ಕೈ ಹಿಂದಕ್ಕೆ ತೂಗಿ ಮುಂದಕ್ಕೆ ಬೀಸಿ. ಅಷ್ಟೇ. ವೀ ಸ್ಪೋರ್ಟ್ಸ್ ಎಂಬ ಆ ಆಟದ 8 ಕೋಟಿಗೂ ಮೇಲೆ ಪ್ರತಿಗಳು ಜಗತ್ತಿನ ಮನೆಗಳಿಗೆ ಹೋದವು. ಅಮೆರಿಕದ ವೃದ್ಧಾಶ್ರಮಗಳಲ್ಲಿ ಬೌಲಿಂಗ್ ತಂಡಗಳೇ ಹುಟ್ಟಿಕೊಂಡವು. ಜನ ಎಷ್ಟು ಹುಮ್ಮಸ್ಸಿನಿಂದ ಬೀಸಿದರೆಂದರೆ ರಿಮೋಟನ್ನು ಮಣಿಕಟ್ಟಿಗೆ ಕಟ್ಟುವ ದಾರ ಹರಿದು, ರಿಮೋಟು ಹಾರತೊಡಗಿತು. ಕಂಪನಿ ಆ ವರ್ಷದ ಡಿಸೆಂಬರಿನಲ್ಲಿ 30 ಲಕ್ಷಕ್ಕೂ ಹೆಚ್ಚು ದಾರಗಳನ್ನು ಬದಲಿಸಿಕೊಡಲು ಮುಂದಾಯಿತು. ಮೊದಲು ಗವಸು, ಈಗ ದಾರ.

ಇಷ್ಟು ಹೊತ್ತು ಕೇಳಿದ ಆಟಗಳಲ್ಲೆಲ್ಲ ಒಬ್ಬರು ಗೆದ್ದು ಉಳಿದವರು ಸೋಲುತ್ತಾರೆ. ಒಬ್ಬರೂ ಒಂಟಿಯಾಗಿ ಸೋಲದ ಆಟವೂ ಒಂದಿದೆ. 2016ರಲ್ಲಿ ಇಂಗ್ಲೆಂಡಿನಿಂದ ಬಂದ ಓವರ್‌ಕುಕ್ಡ್. ಮಾಡಿದ್ದು ಇಬ್ಬರೇ ಇಬ್ಬರ ಒಂದು ಪುಟ್ಟ ತಂಡ. ನಾಲ್ವರೂ ಒಂದೇ ಹೋಟೆಲಿನ ಅಡುಗೆಯವರು. ಈರುಳ್ಳಿ ಸೂಪಿಗೆ ಆರ್ಡರ್ ಬಂದಿದೆ. ಮೂರು ಈರುಳ್ಳಿ ತರಬೇಕು, ಹೆಚ್ಚಬೇಕು, ಪಾತ್ರೆಗೆ ಹಾಕಬೇಕು, ಬೆಂದ ಮೇಲೆ ತಟ್ಟೆಗೆ ಸುರಿದು ಕಿಟಕಿಗೆ ಒಯ್ಯಬೇಕು. ಒಯ್ದರೆ ಮುಗಿಯಲಿಲ್ಲ. ಎಂಜಲು ತಟ್ಟೆ ವಾಪಸು ಬರುತ್ತದೆ. ತೊಳೆಯುವವರು ಯಾರು? ಮನೆಯ ನಿಜವಾದ ಪ್ರಶ್ನೆ ಇಲ್ಲೂ ಎದುರಾಯಿತು. ಪಾತ್ರೆ ಮರೆತರೆ ಬೆಂಕಿ ಹತ್ತುತ್ತದೆ. ಒಂದು ಅಡುಗೆಮನೆ ಓಡುವ ಲಾರಿಗಳ ಮೇಲಿದೆ. ಹೆಚ್ಚುವ ಮಣೆ ಒಂದು ಲಾರಿಯಲ್ಲಿ, ಒಲೆ ಇನ್ನೊಂದರಲ್ಲಿ. ಲಾರಿಗಳು ಹತ್ತಿರ ಬಂದಾಗ ದಾಟಿಕೊಳ್ಳಬೇಕು.

ಇದನ್ನು ಮೌನವಾಗಿ ಆಡಲು ಸಾಧ್ಯವೇ ಇಲ್ಲ. "ತಟ್ಟೆ! ತಟ್ಟೆ ಎಲ್ಲಿ?" "ನನ್ನ ದಾರಿಗೆ ಅಡ್ಡ ನಿಲ್ಲಬೇಡ ಮಾರಾಯ!" ಪಕ್ಕದ ಮನೆಯವರಿಗೆ ಇಲ್ಲಿ ಮದುವೆ ಅಡುಗೆ ನಡೆದಿದೆ ಅನ್ನಿಸಬೇಕು. ಕೈ ಚುರುಕಿಲ್ಲದವರಿಗೂ ಕೆಲಸ ಉಂಟು. ಸಿಂಕಿನ ಮುಂದೆ ನಿಂತು ತಟ್ಟೆ ತೊಳೆಯುವವರು ಎದ್ದರೆ ಹೋಟೆಲೇ ನಿಂತುಹೋಗುತ್ತದೆ.

ಅಮಾಂಗ್ ಅಸ್ ಇನ್ನೊಂದು ದಾರಿ ಹಿಡಿಯಿತು. 2018ರಲ್ಲಿ ಅಮೆರಿಕದ ಪುಟ್ಟ ತಂಡವೊಂದು ಮಾಡಿದ ಆಟ. ಬಾಹ್ಯಾಕಾಶದ ಹಡಗಿನಲ್ಲಿ ಎಲ್ಲರೂ ಕೆಲಸಗಾರರು, ಒಬ್ಬಿಬ್ಬರು ಮಾತ್ರ ವೇಷ ಹಾಕಿದ ಕೊಲೆಗಾರರು. ಯಾರೆಂದು ಮಾತಿನಲ್ಲೇ ಪತ್ತೆ ಮಾಡಬೇಕು. ಒಂದೇ ಕೋಣೆಯಲ್ಲಿ ಕೂತ ಗೆಳೆಯರಿಗೆಂದು ಯೋಚಿಸಿದ ಆಟ ಇದು. ಅದಕ್ಕೆ ಜಗತ್ತಿನಾದ್ಯಂತ ಹೆಸರು ಬಂದದ್ದು 2020ರಲ್ಲಿ, ಒಂದೇ ಕೋಣೆಯಲ್ಲಿ ಗೆಳೆಯರು ಸೇರುವಂತೆಯೇ ಇಲ್ಲದಾಗ.

ಸಮಯ ಆಗುತ್ತ ಬಂತು. ಹಗ್ಗದ ಕಥೆ ಬಾಕಿ ಇದೆ. ಬೊಬ್ಬೆಯ ಗಲಾಟೆಯ ಮೇಲೆ ಎರಡನೇ ಮಾರಿಯೊ ಪಾರ್ಟಿಯಿಂದ ಕಡ್ಡಿ ತಿರುಗಿಸುವ ಆಟಗಳು ಮಾಯವಾದವು. ಹಡ್ಸನ್ ಸಂಸ್ಥೆ 2012ರಲ್ಲಿ ಬೇರೊಂದು ಕಂಪನಿಯಲ್ಲಿ ಕರಗಿಹೋಯಿತು. ಮಾರಿಯೊ ಪಾರ್ಟಿ ಮಾತ್ರ ನಡೆದೇ ಇತ್ತು. 2021ರ ಅಕ್ಟೋಬರಿನಲ್ಲಿ ಹಳೆಯ ಆಟಗಳಿಂದ ನೂರು ಕಿರುಆಟಗಳನ್ನು ಆಯ್ದು ಮಾರಿಯೊ ಪಾರ್ಟಿ ಸೂಪರ್‌ಸ್ಟಾರ್ಸ್ ಬಂತು. ಆ ನೂರರಲ್ಲಿ ಹಗ್ಗ ಜಗ್ಗಾಟವೂ ಇತ್ತು. ಒಂದು ಕಡೆ ಒಬ್ಬರು, ಇನ್ನೊಂದು ಕಡೆ ಮೂವರು, ಅದೇ ತಿರುಗಿಸುವ ಕಡ್ಡಿ. ಈ ಸಲ ಆಟ ಶುರುವಾಗುವ ಮುಂಚೆ ಪರದೆಯ ಮೇಲೆ ಒಂದು ಸೂಚನೆ ಬರುತ್ತದೆ. ಕಡ್ಡಿಯನ್ನು ದಯವಿಟ್ಟು ಅಂಗೈಯಿಂದ ತಿರುಗಿಸಬೇಡಿ, ಚರ್ಮಕ್ಕೂ ಕಡ್ಡಿಗೂ ಹಾನಿಯಾದೀತು ಎಂದು. ಮೊದಲ ಸಲ ಬೊಬ್ಬೆ ಎಬ್ಬಿಸಿಕೊಂಡ ಮಕ್ಕಳಿಗೆ ಈಗ ಮೂವತ್ತು ದಾಟಿದೆ. ಸೂಚನೆಯನ್ನು ಪಕ್ಕದಲ್ಲಿ ಕೂತ ತಮ್ಮ ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳುವ ವಯಸ್ಸು.